ಪವನಾ ನೀರಿನ ಸುತ್ತ ನಾಲ್ಕು ಕೋಟೆ: ಹೋಗುವುದು ಹೇಗೆ, ನೋಡುವುದು ಏನನ್ನು

ಪುಣೆಯಿಂದ ಲೋನಾವಳಾ ಲೋಕಲ್ ಹತ್ತಿ ಎಡಗಡೆ ಕಿಟಕಿ ಪಕ್ಕ ಕೂತುಕೊಳ್ಳಿ. ಕಾಮಶೇತ ದಾಟಿದ ಮೇಲೆ ಉದ್ದಕ್ಕೆ ಚಪ್ಪಟೆಯಾಗಿರುವ ಒಂದು ಬೆಟ್ಟ ಕಾಣುತ್ತದೆ. ಅದು ವಿಸಾಪುರ. ಅದಕ್ಕೆ ಅಂಟಿಕೊಂಡ ಹಾಗೆ ಲೋಹಗಡ. ಈ ಎರಡರ ಬೆನ್ನ ಹಿಂದೆ ಪವನಾ ಜಲಾಶಯ ಇದೆ. ನೀರಿನ ಆಚೆ ಇನ್ನೆರಡು ಚೂಪು ಬೆಟ್ಟಗಳು, ತುಂಗ್ ಮತ್ತು ತಿಕೋನಾ. ನಾಲ್ಕರ ಮೇಲೂ ಕೋಟೆಗಳಿವೆ.

ಪುಣೆಯ ವಾಕಡ್, ಹಿಂಜವಡಿ, ಚಿಂಚವಡ ಕಡೆ ಇರುವ ನಮ್ಮ ಕನ್ನಡದವರಲ್ಲಿ ತುಂಬಾ ಜನ ಪವನಾಕ್ಕೆ ಹೋಗಿ ಬಂದಿದ್ದಾರೆ. ದಡದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆದು, ಬೆಳಗ್ಗೆ ಎದ್ದು ವಾಪಸ್ ಬರುತ್ತಾರೆ. ಎದುರಿಗೇ ನಿಂತಿರುವ ಕೋಟೆಗಳನ್ನು ಹತ್ತುವವರು ಕಡಿಮೆ. ಹತ್ತಿದವರೂ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಯಾಕಂದ್ರೆ ಈ ನಾಲ್ಕೂ ಬೇರೆ ಬೇರೆ ಕೋಟೆಗಳಲ್ಲ, ಒಂದೇ ಕಾವಲಿನ ನಾಲ್ಕು ಭಾಗಗಳು. ಕೊಂಕಣದ ಬಂದರುಗಳಿಂದ ಬೋರ್ ಘಾಟ್ ಹತ್ತಿ ದಖ್ಖನಿಗೆ ಬರುವ ದಾರಿ ಇಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಆ ದಾರಿಯನ್ನೂ ಪವನಾ ನದಿಯ ಕಣಿವೆಯನ್ನೂ ಕಾಯುವುದಕ್ಕೆ ಇವು ಇದ್ದವು. ಅದು ಗೊತ್ತಿದ್ದು ಹತ್ತಿದರೆ ಬಿದ್ದ ಗೋಡೆಗೂ ಅರ್ಥ ಬರುತ್ತದೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕೋಟೆಗಳು ಹಳೆಯವು, ನೀರು ಹೊಸದು. ಪವನಾ ಅಣೆಕಟ್ಟು ಮುಗಿದದ್ದು 1970ರ ದಶಕದ ಆರಂಭದಲ್ಲಿ. ಅದಕ್ಕೂ ಮುಂಚೆ ಕೋಟೆಯ ಮೇಲಿನ ಕಾವಲುಗಾರನಿಗೆ ಕೆಳಗೆ ಕಾಣುತ್ತಿದ್ದದ್ದು ಗದ್ದೆ, ಹಳ್ಳಿ ಮತ್ತು ಒಂದು ಸಣ್ಣ ನದಿ. ಆ ಹಳ್ಳಿಗಳು ಮುಳುಗಿ, ಅವುಗಳ ನೀರು ಇವತ್ತು ಪಿಂಪ್ರಿ-ಚಿಂಚವಡದ ನಲ್ಲಿಗಳಲ್ಲಿ ಬರುತ್ತಿದೆ. ಇದೇ ನೀರನ್ನು ಪೈಪಿನಲ್ಲಿ ಒಯ್ಯುವ ಯೋಜನೆಯನ್ನು ವಿರೋಧಿಸಿ ಇಲ್ಲಿನ ಮಾವಳ ತಾಲೂಕಿನ ರೈತರು 2011ರ ಆಗಸ್ಟ್ 9ರಂದು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ತಡೆದಾಗ ಪೊಲೀಸ್ ಗುಂಡಿಗೆ ಮೂವರು ಸತ್ತರು. ದಡದಲ್ಲಿ ಪ್ಲಾಸ್ಟಿಕ್ ಎಸೆದು ಬರುವ ಮುಂಚೆ ಇದು ನೆನಪಿಗೆ ಬರಬೇಕು, ಅಲ್ವಾ?

ಯಾವಾಗ ಹೋಗಬೇಕು

ಎಲ್ಲರೂ ಹೋಗುವುದು ಮಳೆಗಾಲದಲ್ಲಿ. ಹಸಿರು, ಜಲಪಾತ, ಮಂಜು ಎಲ್ಲಾ ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಜುಲೈ-ಆಗಸ್ಟ್‌ನಲ್ಲಿ ಲೋಹಗಡದ ತುದಿಯಲ್ಲಿ ನಿಂತರೆ ಹತ್ತು ಅಡಿ ಆಚೆಯದ್ದೂ ಕಾಣುವುದಿಲ್ಲ. ಕೆರೆಯೂ ಇಲ್ಲ, ಬೇರೆ ಕೋಟೆಯೂ ಇಲ್ಲ. ಗೋಡೆಗಳು ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತವೆ. ಭಾನುವಾರವಂತೂ ಮೆಟ್ಟಿಲ ಮೇಲೆ ಜಾತ್ರೆಯಷ್ಟು ಜನ. ಮಳೆ ಜೋರಾದಾಗ ಜಿಲ್ಲಾಡಳಿತ ಕೆಲವು ಜಾಗಗಳಿಗೆ ನಿರ್ಬಂಧವನ್ನೂ ಹಾಕುತ್ತದೆ. ಹೊರಡುವ ಹಿಂದಿನ ದಿನ ಸುದ್ದಿ ನೋಡಿಕೊಂಡೇ ಹೊರಡಿ.

ಕೋಟೆ ನೋಡಬೇಕು ಅನ್ನುವವರಿಗೆ ನನ್ನ ಮಾತು ಇಷ್ಟೇ: ನವೆಂಬರ್ ಮಧ್ಯದಿಂದ ಫೆಬ್ರುವರಿವರೆಗೆ ಹೋಗಿ. ಹುಲ್ಲು ಒಣಗಿ ಬಾಗಿರುತ್ತದೆ, ಅಡಿಪಾಯದ ಕಲ್ಲುಗಳೂ ಕಾಣುತ್ತವೆ. ಜಲಾಶಯ ಇನ್ನೂ ತುಂಬಿರುತ್ತದೆ. ಗಾಳಿ ತಂಪು, ಆಕಾಶ ಸ್ವಚ್ಛ. ಮಾರ್ಚ್ ನಂತರ ಬಂಡೆ ಕಾಯುತ್ತದೆ. ಆಗ ಬೆಳಗ್ಗೆ ಆರಕ್ಕೇ ಹತ್ತಲು ಶುರು ಮಾಡುವವರು ಮಾತ್ರ ಹೋಗಬಹುದು.

ನಾಲ್ಕನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ. ಮೊದಲ ಸಲ ಲೋಹಗಡ, ಆಮೇಲೆ ತಿಕೋನಾ, ನಂತರ ವಿಸಾಪುರ, ಕೊನೆಗೆ ತುಂಗ್. ಈ ಕ್ರಮ ಕಾಲಿಗೂ ಒಳ್ಳೆಯದು, ಅರ್ಥವಾಗುವುದಕ್ಕೂ ಒಳ್ಳೆಯದು.

ಮೊದಲು ಲೋಹಗಡ

ಇಳಿಯಬೇಕಾದ ಸ್ಟೇಷನ್ ಮಳವಲಿ. ಲೋನಾವಳಾಕ್ಕೆ ಒಂದು ಸ್ಟೇಷನ್ ಮುಂಚೆ. ಮುಂಬೈಯಿಂದ ಬರುವವರು ಇಂದ್ರಾಯಣಿಯಂಥ ಎಕ್ಸ್‌ಪ್ರೆಸ್‌ನಲ್ಲಿ ಲೋನಾವಳಾಕ್ಕೆ ಬಂದು, ಪುಣೆ ಕಡೆ ಹೋಗುವ ಲೋಕಲ್ ಹಿಡಿದು ಒಂದು ಸ್ಟೇಷನ್ ಹಿಂದೆ ಬರಬೇಕು. ಮಧ್ಯಾಹ್ನದ ಹೊತ್ತಿಗೆ ಲೋಕಲ್ ಕಡಿಮೆ. ವಾಪಸ್ ಬರುವ ಗಾಡಿಯ ಸಮಯ ಬೆಳಗ್ಗೆಯೇ ನೋಡಿಟ್ಟುಕೊಳ್ಳಿ.

ಸ್ಟೇಷನ್‌ನಿಂದ ಹೊರಬಂದು ಎಕ್ಸ್‌ಪ್ರೆಸ್‌ವೇ ಮೇಲಿನ ಸೇತುವೆ ದಾಟಿದರೆ ಭಾಜೆ ಊರು. ಅಲ್ಲಿಂದ ಎರಡು ದಾರಿ. ಸುಸ್ತಾಗುವುದು ಬೇಡ ಅನ್ನುವವರು ಆಟೋ ಅಥವಾ ಜೀಪ್ ಮಾಡಿಕೊಂಡು ನೇರ ಕೋಟೆಯ ಬುಡದ ಊರಾದ ಲೋಹಗಡವಾಡಿಗೆ ಹೋಗಬಹುದು. ಸ್ವಂತ ಗಾಡಿಯೂ ಅಲ್ಲಿವರೆಗೆ ಹೋಗುತ್ತದೆ, ಆದರೆ ಏರು ಜಾಸ್ತಿ, ತಿರುವು ಕಡಿದು. ನಡೆಯುವವರು ಅದೇ ರಸ್ತೆ ಹಿಡಿದು ಒಂದೂವರೆಯಿಂದ ಎರಡು ಗಂಟೆ ನಡೆದರೆ ಗಾಯಮುಖ ಖಿಂಡಿಗೆ ಬರುತ್ತಾರೆ. ಎರಡು ಬೆಟ್ಟಗಳ ನಡುವಿನ ಕಣಿವೆ ಬಾಯಿ ಅದು. ಎಡಕ್ಕೆ ಹೋದರೆ ವಿಸಾಪುರ, ಬಲಕ್ಕೆ ಹೋದರೆ ಲೋಹಗಡವಾಡಿ. ನಡೆದೇ ಹೋಗಿ ಅಂತ ನಾನು ಹೇಳುತ್ತೇನೆ. ಖಿಂಡಿಯಲ್ಲಿ ನಿಂತು ಎರಡೂ ಕಡೆ ತಲೆ ಎತ್ತಿ ನೋಡಿದಾಗಲೇ ಎರಡು ಕೋಟೆ ಎಷ್ಟು ಹತ್ತಿರ ಅನ್ನುವುದು ಗೊತ್ತಾಗುವುದು. ಆ ಹತ್ತಿರವೇ 1818ರಲ್ಲಿ ಲೋಹಗಡಕ್ಕೆ ಮುಳುವಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಲೋಹಗಡವಾಡಿಯಲ್ಲಿ ಮಜ್ಜಿಗೆ, ಲಿಂಬೂ ಶರಬತ್ತು, ಪೋಹೆ ಸಿಗುತ್ತದೆ. ಮಧ್ಯಾಹ್ನಕ್ಕೆ ಝುಣಕ-ಭಾಕರಿ ಬೇಕಾದರೆ ಹತ್ತುವ ಮುಂಚೆಯೇ ಮನೆಯವರಿಗೆ ಹೇಳಿ ಹೋಗಿ, ಇಳಿಯುವ ಹೊತ್ತಿಗೆ ಬಿಸಿ ಬಿಸಿ ಮಾಡಿಕೊಡುತ್ತಾರೆ. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯವರಿಗೆ ಇದು ಮನೆ ಊಟವೇ. ಕೋಟೆಯ ಟಿಕೆಟ್ ಕೊಳ್ಳುವುದೂ ಇಲ್ಲೇ ಹತ್ತಿರ. ಭಾರತೀಯ ಪುರಾತತ್ವ ಇಲಾಖೆ ನೋಡಿಕೊಳ್ಳುವ ಜಾಗ ಇದು. 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಲೋಹಗಡವೂ ಒಂದು.

ಈಗ ಮೆಟ್ಟಿಲು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಲೋಹಗಡದ ಜೀವ ಇರುವುದೇ ಈ ಏರಿನಲ್ಲಿ. ಒಂದರ ಮೇಲೊಂದು ನಾಲ್ಕು ಬಾಗಿಲು: ಗಣೇಶ, ನಾರಾಯಣ, ಹನುಮಾನ್, ಕೊನೆಗೆ ಮಹಾದರವಾಜಾ. ಚಿತ್ರದುರ್ಗದ ಬಾಗಿಲುಗಳನ್ನು ನೋಡಿದವರಿಗೆ ಈ ಲೆಕ್ಕಾಚಾರ ತಕ್ಷಣ ಹೊಳೆಯುತ್ತದೆ. ಯಾವ ಬಾಗಿಲೂ ದಾರಿಗೆ ನೇರವಾಗಿಲ್ಲ. ದಾರಿ ತಿರುಗುತ್ತದೆ, ಪಕ್ಕದಲ್ಲೊಂದು ದುಂಡು ಬುರುಜು ಅಡ್ಡ ಬರುತ್ತದೆ, ಅದನ್ನು ಸುತ್ತಿದ ಮೇಲೆಯೇ ಬಾಗಿಲು ಕಾಣುತ್ತದೆ. ಆನೆಗೆ ಓಡಿ ಬಂದು ಗುದ್ದಲು ಜಾಗ ಇಲ್ಲ. ಗುಂಪಾಗಿ ನುಗ್ಗಲು ಜಾಗ ಇಲ್ಲ. ತಿರುಗುವ ಪ್ರತಿ ಸಲವೂ ಬಂದವನ ಒಂದು ಮಗ್ಗುಲು ಮೇಲಿನವನ ಗುರಿಗೆ ಸಿಗುತ್ತದೆ.

ಒಂದು ಕೆಲಸ ಮಾಡಿ ನೋಡಿ. ಮೂರನೇ ಬಾಗಿಲ ಹತ್ತಿರದ ಗೋಡೆಯ ಪಕ್ಕ ನಿಂತು ಕೆಳಗೆ ಬಗ್ಗಿ ನೋಡಿ. ನೀವು ಹತ್ತಿ ಬಂದ ದಾರಿಯೆಲ್ಲಾ ಹಾವಿನ ಹಾಗೆ ಸುತ್ತಿಕೊಂಡು ಕಾಣುತ್ತದೆ. ಗೋಡೆಯಲ್ಲಿ ಸಣ್ಣ ಕಿಂಡಿಗಳಿವೆ, ಕೋವಿ ಇಡುವುದಕ್ಕೆ. ಒಂದು ಕಿಂಡಿಯಲ್ಲಿ ಕಣ್ಣಿಟ್ಟು ಯಾವ ಮೆಟ್ಟಿಲು ಕಾಣುತ್ತದೆ ನೋಡಿ, ಪಕ್ಕದ ಕಿಂಡಿಯಲ್ಲೂ ನೋಡಿ. ಎರಡರ ನೋಟ ಸೇರಿ ದಾರಿ ಪೂರ್ತಿ ಮುಚ್ಚುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಆಟ ಆಡಿಸಿ, ಅವರಿಗೆ ಕೋಟೆ ಅಂದ್ರೆ ಏನು ಅಂತ ಜನ್ಮಕ್ಕೆ ಮರೆಯುವುದಿಲ್ಲ.

ಈ ನಾಲ್ಕರಲ್ಲಿ ಹನುಮಾನ್ ದರವಾಜಾ ಹಳೆಯದು ಎನ್ನುತ್ತಾರೆ. ಗಣೇಶ ದರವಾಜಾ ಬಗ್ಗೆ ಊರಲ್ಲಿ ಒಂದು ಕಥೆ ಇದೆ. ಬುರುಜು ನಿಲ್ಲಲಿ ಅಂತ ಸಾಬಳೆ ಮನೆತನದ ಗಂಡ-ಹೆಂಡತಿಯನ್ನು ಬಲಿಕೊಟ್ಟರು, ಅದಕ್ಕೆ ಬದಲಾಗಿ ಆ ಮನೆಗೆ ಲೋಹಗಡವಾಡಿಯ ಪಾಟೀಲಕಿ, ಅಂದರೆ ಊರಿನ ಗೌಡಿಕೆ ಕೊಟ್ಟರು ಅಂತ. ಕೆರೆ ನಿಲ್ಲಲಿ ಅಂತ ಸೊಸೆಯನ್ನು ಕಳೆದುಕೊಂಡ ಕಥೆ ಕೇಳಿ ಬೆಳೆದ ನಮಗೆ ಇದನ್ನು ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾರಾಯಣ ದರವಾಜೆಯ ಹತ್ತಿರ ನೆಲಮನೆ ಇದೆ. ಅಕ್ಕಿ ಮತ್ತು ರಾಗಿ ಕೂಡಿಡುತ್ತಿದ್ದ ಜಾಗ. ಹೌದು, ರಾಗಿ. ಮಾವಳದ ಬೆಟ್ಟದ ಜನರ ಊಟ ಅದು.

ಮೇಲೆ ಬಂದ ಮೇಲೆ ಬಯಲು. ಒಂದು ದರ್ಗಾ, ಒಂದು ಶಿವನ ಗುಡಿ, ಬಂಡೆ ಕೊರೆದು ಮಾಡಿದ ಲಕ್ಷ್ಮೀ ಕೋಠಿ ಎಂಬ ಗುಹೆ, ಹಲವು ಮೂಲೆಗಳಿಟ್ಟು ಕಟ್ಟಿದ ದೊಡ್ಡ ಕೊಳ. ಶಿವಾಜಿ ಮಹಾರಾಜರು ಈ ಕೋಟೆಯನ್ನು 1648ರಲ್ಲಿ ಪಡೆದರು, 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಇದೂ ಹೋಯಿತು, 1670ರಲ್ಲಿ ಮತ್ತೆ ಗೆದ್ದರು. ಸೂರತ್‌ನಿಂದ ತಂದ ಸಂಪತ್ತು ಇಲ್ಲಿತ್ತು ಎಂದು ಹೇಳುತ್ತಾರೆ. ಪೇಶ್ವೆಯವರ ಕಾಲದಲ್ಲಿ ಅವರ ಮಂತ್ರಿ ನಾನಾ ಫಡ್ನವೀಸ್ ಬಾಗಿಲುಗಳನ್ನೂ ಕೊಳವನ್ನೂ ಕಟ್ಟಿಸಿದರು, ತಮ್ಮ ಸಂಪತ್ತನ್ನೂ ಇಲ್ಲೇ ಇಟ್ಟಿದ್ದರು. ಒಟ್ಟಿನಲ್ಲಿ ಇದು ಖಜಾನೆಯ ಕೋಟೆ. ನಾಲ್ಕು ಬಾಗಿಲು ಯಾಕೆ ಬೇಕಿತ್ತು ಅನ್ನುವುದಕ್ಕೆ ಉತ್ತರ ಇಲ್ಲೇ ಸಿಗುತ್ತದೆ.

ಕೊನೆಯಲ್ಲಿ ವಿಂಚೂಕಾಟಾ, ಅಂದರೆ ಚೇಳಿನ ಕೊಂಡಿ. ಬೆಟ್ಟದಿಂದ ಹೊರಚಾಚಿದ ಉದ್ದನೆಯ ಕಿರಿದಾದ ಏಣು, ಸುತ್ತಲೂ ಗೋಡೆ. ಅಲ್ಲಿಗೆ ಹೋಗಲು ಸಣ್ಣದೊಂದು ಬಂಡೆ ಇಳಿಯಬೇಕು. ಒದ್ದೆ ಇದ್ದರೆ ಜಾರುತ್ತದೆ, ಅಂಥ ದಿನ ಮೇಲಿನಿಂದಲೇ ನೋಡಿದರೆ ಸಾಕು. ತುದಿಯಿಂದ ಪವನಾ ನೀರು ಪೂರ್ತಿ ಕಾಣುತ್ತದೆ, ಅದರಾಚೆ ತುಂಗ್, ತಿಕೋನಾ. ಮನಸ್ಸಿನಲ್ಲಿ ನೀರನ್ನು ತೆಗೆದುಬಿಡಿ. ಕಣಿವೆಯಲ್ಲಿ ಎಲ್ಲಿ ಧೂಳೆದ್ದರೂ ನಾಲ್ಕರಲ್ಲಿ ಒಂದು ಕೋಟೆಗಾದರೂ ಕಾಣಲೇಬೇಕು. ಈ ನಾಲ್ಕು ಬೆಟ್ಟಗಳನ್ನೇ ಯಾಕೆ ಆರಿಸಿದರು ಅನ್ನುವುದಕ್ಕೆ ಬೇರೆ ವಿವರಣೆ ಬೇಡ.

ಇಳಿಯುವಾಗ ಭಾಜೆ ಗುಹೆಗಳನ್ನು ಬಿಡಬೇಡಿ. ಕ್ರಿಸ್ತಪೂರ್ವ 2ನೇ ಶತಮಾನದ 22 ಬೌದ್ಧ ಗುಹೆಗಳು. ಪಶ್ಚಿಮಕ್ಕೆ ಮುಖ ಮಾಡಿವೆ, ಹಾಗಾಗಿ ಮಧ್ಯಾಹ್ನದ ನಂತರವೇ ಒಳಗೆ ಒಳ್ಳೆಯ ಬೆಳಕು. ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ, ಅಥವಾ ಇನ್ನೊಂದು ದಿನ, ರೈಲು ಹಳಿಯ ಆಚೆ ಕಾರ್ಲೆ ಗುಹೆಗಳಿಗೆ ಹೋಗಿ. ಅಲ್ಲಿನ ಚೈತ್ಯದಲ್ಲಿ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದಲ್ಲಿ, ಎರಡು ಸಾವಿರ ವರ್ಷ ಹಳೆಯ ಮರದ ತೊಲೆಗಳು ಇನ್ನೂ ಚಾವಣಿಯಲ್ಲಿವೆ. ಬಾಗಿಲ ಹತ್ತಿರದ ಬ್ರಾಹ್ಮಿ ಶಾಸನ ಹೇಳುವ ಪ್ರಕಾರ, ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ. ವೈಜಯಂತಿ ಅಂದರೆ ನಮ್ಮ ಬನವಾಸಿ ಎಂದೇ ವಿದ್ವಾಂಸರು ಗುರುತಿಸುತ್ತಾರೆ. ನಾವು ಕೆಲಸ ಹುಡುಕಿಕೊಂಡು ಪುಣೆಗೆ ಬಂದ ದಾರಿಯಲ್ಲೇ ನಮ್ಮ ಕಡೆಯ ಸೆಟ್ಟಿಯೊಬ್ಬ ಅಷ್ಟು ಹಿಂದೆ ಬಂದಿದ್ದ. ಆ ಅಕ್ಷರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ವಿಸಾಪುರ: ಎತ್ತರದ ನೆರೆಯವ

ಲೋಹಗಡ ಸುಮಾರು 1033 ಮೀಟರ್, ವಿಸಾಪುರ ಸುಮಾರು 1084. ವ್ಯತ್ಯಾಸ ಐವತ್ತು ಮೀಟರ್. ಇತಿಹಾಸದಲ್ಲಿ ಈ ಐವತ್ತು ಮೀಟರ್ ದೊಡ್ಡದಾಯಿತು. ಭಟ್ ಮನೆತನದ ಮೊದಲ ಪೇಶ್ವೆ ಬಾಳಾಜಿ ವಿಶ್ವನಾಥ 1713ರಿಂದ 1720ರ ನಡುವೆ ವಿಸಾಪುರವನ್ನು ಕಟ್ಟಿಸಿದರು. 1818ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೈನ್ಯ ಮೊದಲು ಹಿಡಿದದ್ದು ಇದನ್ನೇ. ತಲೆಯ ಮೇಲಿನ ಬೆಟ್ಟ ವೈರಿಯ ಕೈ ಸೇರಿದ ಮೇಲೆ ಲೋಹಗಡದ ನಾಲ್ಕು ಬಾಗಿಲಿಂದ ಏನೂ ಪ್ರಯೋಜನ ಇರಲಿಲ್ಲ. ಮಾರನೇ ದಿನವೇ ಅದನ್ನು ಬಿಟ್ಟುಕೊಟ್ಟರು. ಆಮೇಲೆ ಬ್ರಿಟಿಷರು ವಿಸಾಪುರದ ಬಾಗಿಲುಗಳನ್ನು ಒಡೆದು ಹಾಕಿದರು. ಹೀಗಾಗಿ ಲೋಹಗಡದಲ್ಲಿ ಬಾಗಿಲು ನೋಡಿ, ವಿಸಾಪುರದಲ್ಲಿ ಗೋಡೆ ನೋಡಿ. ಬೆಟ್ಟದ ಅಂಚನ್ನೇ ಹಿಡಿದು ಸುತ್ತುವ ಈ ಗೋಡೆ ನಡೆದಷ್ಟೂ ಮುಗಿಯುವುದಿಲ್ಲ. ನೀರಿನ ತೊಟ್ಟಿಗಳು, ಚಾವಣಿ ಇಲ್ಲದ ಮನೆಗಳು, ಗಾರೆ ಅರೆಯುತ್ತಿದ್ದ ದೊಡ್ಡ ಕಲ್ಲಿನ ಗಾಲಿ, ಬಂಡೆಯಲ್ಲಿ ಕೆತ್ತಿದ ಹನುಮಂತ ಎಲ್ಲಾ ದೂರ ದೂರ ಇವೆ. ಮೇಲೇ ಎರಡು ಗಂಟೆ ಬೇಕು.

ದಾರಿಯ ವಿಷಯದಲ್ಲಿ ಮಾತ್ರ ಎಚ್ಚರ. ಗಾಯಮುಖ ಕಡೆಯಿಂದ ಹತ್ತುವ ದಾರಿ ಅಂದರೆ ಬಂಡೆಗಳ ಕೊರಕಲು, ಮಳೆಗಾಲದಲ್ಲಿ ಮೆಟ್ಟಿಲ ಮೇಲೇ ನೀರು ಹರಿಯುತ್ತದೆ. ಪಾಟಣ ಊರಿನ ಕಡೆಯಿಂದಲೂ ಹತ್ತಬಹುದು, ಅದು ಕಾಡಿನ ದಾರಿ. ಮಂಜು ಕವಿದರೆ ಇಲ್ಲಿ ದಾರಿ ತಪ್ಪುವುದು ಸುಲಭ. ಮೊದಲ ಸಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ಕೇಳಿದ ಕೂಲಿ ಕೊಡಿ. ಏನಾದರೂ ಆದರೆ 112ಕ್ಕೆ ಕರೆ ಮಾಡಿ. ಲೋನಾವಳಾದ ಶಿವದುರ್ಗ ಮಿತ್ರ ತಂಡದವರು ಈ ಬೆಟ್ಟಗಳಲ್ಲಿ ಸಿಕ್ಕಿಕೊಂಡವರನ್ನು ವರ್ಷಗಳಿಂದ ಕಾಪಾಡುತ್ತಾ ಬಂದಿದ್ದಾರೆ. ಅವರಿಗೆ ಆ ಕೆಲಸ ಕೊಡದಂತೆ ನಡೆದುಕೊಳ್ಳುವುದು ನಮ್ಮ ಜವಾಬ್ದಾರಿ.

ಚೀಲ ಮತ್ತು ನಡವಳಿಕೆ

ಒಬ್ಬರಿಗೆ ಎರಡು ಲೀಟರ್ ನೀರು, ಬಿಸಿಲಲ್ಲಿ ಮೂರು. ಕೋಟೆಯ ತೊಟ್ಟಿಗಳ ನೀರನ್ನು ಸೋಸದೆ ಕುಡಿಯಬೇಡಿ. ಹಿಡಿತ ಇರುವ ಶೂ, ಟೋಪಿ, ಕಡಲೆ-ಬೆಲ್ಲ, ಒಂದು ಟಾರ್ಚ್. ತಿಂಡಿ ಚೀಲದ ಒಳಗೇ ಇರಲಿ, ಕೋತಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಗುಡುಗು ಕೇಳಿದರೆ ಬಯಲಲ್ಲಿ ಮತ್ತು ಬುರುಜಿನ ಮೇಲೆ ನಿಲ್ಲಬೇಡಿ. ಹೆಜ್ಜೇನು ಕಂಡರೆ ಹೊಗೆ, ಗದ್ದಲ ಎರಡೂ ಬೇಡ.

ಪವನಾ ನೀರಿಗೆ ಇಳಿಯಬೇಡಿ. ಮೇಲೆ ಎಷ್ಟು ಶಾಂತವಾಗಿ ಕಂಡರೂ ಒಳಗೆ ಆಳ ಒಮ್ಮೆಲೇ ಹೆಚ್ಚುತ್ತದೆ, ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ. ಈಜು ಬರುವವರೂ ಇಲ್ಲಿ ಸತ್ತಿದ್ದಾರೆ.

ಗೋಡೆಯ ಮೇಲೆ ಹೆಸರು ಕೆತ್ತುವುದು ಕಾನೂನಿನ ಪ್ರಕಾರ ಅಪರಾಧ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಇದೆ. ಮರಾಠಿ ಜನಕ್ಕೆ ಈ ಕೋಟೆಗಳು ದೇವಸ್ಥಾನಕ್ಕೆ ಕಡಿಮೆ ಇಲ್ಲ. ಎಷ್ಟೋ ಹುಡುಗರು ಭಾನುವಾರ ಬಂದು ಕಸ ಆರಿಸುತ್ತಾರೆ, ತೊಟ್ಟಿಯ ಹೂಳು ತೆಗೆಯುತ್ತಾರೆ. ಕರೆದರೆ ನೀವೂ ಸೇರಿಕೊಳ್ಳಿ. ದಾರಿ ಕೇಳುವಾಗ "ದಾದಾ, ಗಡಾವರ್ ವಾಟ್ ಕುಠೂನ್ ಆಹೇ?" ಅಂತ ಎರಡು ಮಾತು ಮರಾಠಿಯಲ್ಲಿ ಕೇಳಿ. ದಾರಿಯ ಜೊತೆಗೆ ಕಥೆಯೂ ಸಿಗುತ್ತದೆ. ಹೆಂಗಸರಿದ್ದರೆ "ತಾಈ" (ಅಕ್ಕ), ವಯಸ್ಸಾದವರಿದ್ದರೆ "ಕಾಕಾ", "ಮಾವಶಿ".

ತಿಕೋನಾ, ತುಂಗ್

ತಿಕೋನಾಕ್ಕೆ ಕಾಮಶೇತದಲ್ಲಿ ಇಳಿಯಿರಿ. ಅಲ್ಲಿಂದ ಪವನಾನಗರದ ಕಡೆ ಹೋಗುವ ಬಸ್ ಅಥವಾ ಜೀಪ್ ಸಿಗುತ್ತದೆ, ಮುಂದೆ ತಿಕೋನಾ ಪೇಠ ಊರಿಗೆ. ಹತ್ತಲು ಸುಮಾರು ಒಂದು ಗಂಟೆ. ಮಕ್ಕಳಿದ್ದ ಮನೆಯವರಿಗೆ ನಾನು ಮೊದಲು ಹೇಳುವುದು ಲೋಹಗಡ, ಎರಡನೆಯದು ಇದು. ದಾರಿಯಲ್ಲಿ ಬಂಡೆಯಲ್ಲಿ ಕೆತ್ತಿದ ದೊಡ್ಡ ಹನುಮಂತ, ಹಳೆಯ ಗುಹೆಗಳು, ಕೊರೆದ ನೀರಿನ ತೊಟ್ಟಿ. ಕೊನೆಯ ಮೆಟ್ಟಿಲುಗಳು ಕಡಿದು, ಒಂದೊಂದೂ ಮೊಣಕಾಲೆತ್ತರ. ಅಲ್ಲಿ ಮಕ್ಕಳನ್ನು ಮುಂದೆ ಬಿಟ್ಟು ದೊಡ್ಡವರು ಹಿಂದೆ ಇರಿ, ಇಳಿಯುವಾಗ ದೊಡ್ಡವರು ಮುಂದೆ. ಕೋಟೆ ಸಣ್ಣದು. ತುದಿಯಲ್ಲಿ ಮಹಾದೇವನ ಗುಡಿ, ಕೆಳಗೆ ಜಲಾಶಯ.

ತುಂಗ್ ಇನ್ನೂ ಸಣ್ಣದು, ಇನ್ನೂ ಕಡಿದು. ಲೋನಾವಳಾದಿಂದ ಆಂಬಿ ವ್ಯಾಲಿ ರಸ್ತೆಯಲ್ಲಿ ಹೋಗಿ ಘುಸಳಖಾಂಬದ ಹತ್ತಿರ ತಿರುಗಿ ತುಂಗವಾಡಿ ಸೇರಬೇಕು. ಸ್ವಂತ ಗಾಡಿ ಇಲ್ಲದೆ ಕಷ್ಟ. ಏರು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಆದರೆ ಒಂದು ಕಡೆ ಪೂರ್ತಿ ಇಳಿಜಾರು. ತಲೆ ಸುತ್ತುವವರು, ಮೊಣಕಾಲು ನೋವಿನವರು ಬೇಡ. ಬಾಗಿಲು ದಾಟಿದರೆ ಗಣಪತಿ ಗುಡಿ, ತುದಿಯಲ್ಲಿ ತುಂಗಾಯಿ ದೇವಿ. ಹತ್ತು ಜನ ನಿಂತರೆ ತುದಿ ತುಂಬಿತು. ಇಲ್ಲಿ ಸೈನ್ಯ ಇಡಲು ಜಾಗವೇ ಇಲ್ಲ, ಇದು ಕಣ್ಣಿಡಲು ಮಾತ್ರ ಕಟ್ಟಿದ ಕೋಟೆ ಅನ್ನುವುದು ನಿಂತ ತಕ್ಷಣ ತಿಳಿಯುತ್ತದೆ. ಪೂರ್ವಕ್ಕೆ ನೀರಿನಾಚೆ ತಿಕೋನಾ, ಉತ್ತರದ ಕಡೆ ಲೋಹಗಡ ಮತ್ತು ವಿಸಾಪುರ ಒಟ್ಟಿಗೆ, ನೈಋತ್ಯಕ್ಕೆ ಕೋರಿಗಡ ಎಂಬ ಇನ್ನೊಂದು ಕೋಟೆ. ಉಳಿದ ಮೂರನ್ನು ಮೊದಲೇ ಹತ್ತಿ ಬಂದಿದ್ದರೆ ಯಾವುದು ಯಾವುದು ಅಂತ ಯಾರನ್ನೂ ಕೇಳಬೇಕಾಗುವುದಿಲ್ಲ. ಇದನ್ನು ಕೊನೆಗೆ ಇಡಿ ಅಂತ ಹೇಳಿದ್ದು ಇದಕ್ಕೇ.

ನಾಲ್ಕು ಗಂಟೆಗೆಲ್ಲಾ ಇಳಿಯಲು ಶುರು ಮಾಡಿ. ಘುಸಳಖಾಂಬದವರೆಗಿನ ರಸ್ತೆಯಲ್ಲಿ ದೀಪ ಇಲ್ಲ, ತಿರುವು ಜಾಸ್ತಿ, ದನಗಳು ರಸ್ತೆ ಮಧ್ಯೆಯೇ ಮಲಗಿರುತ್ತವೆ. ಬೆಳಕಿರುವಾಗಲೇ ದೊಡ್ಡ ರಸ್ತೆಗೆ ಸೇರಿಕೊಳ್ಳಿ.